‘ಮಸುಕಾಗಿದೆ’ ಅಂದರೆ ಸಾಲದು: ಮೊಬೈಲ್ ಫೋಟೋಗೆ ಅಭಿಪ್ರಾಯ ಹೇಳುವುದು, ಕೇಳುವುದು

ಪ್ರಶ್ನೆ: ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುವ 18 ಜನರ ವಾಟ್ಸಾಪ್ ಗುಂಪು ನಮ್ಮದು. ಹಕ್ಕಿ, ಹೂವು, ಸೂರ್ಯೋದಯ ಅಂತ ಮೊಬೈಲಿನಲ್ಲಿ ತೆಗೆದದ್ದನ್ನೆಲ್ಲ ಹಾಕುತ್ತೇವೆ. ಯಾರು ಏನೇ ಹಾಕಲಿ, ‘ಸೂಪರ್ ಐತ್ರಿ’ ಅನ್ನುತ್ತಾರೆ, ಇಲ್ಲವೇ ಹೆಬ್ಬೆರಳು ಒತ್ತುತ್ತಾರೆ. ಕಳೆದ ತಿಂಗಳು ನನ್ನ ಬೆಳ್ಳಕ್ಕಿ ಫೋಟೋಗೆ ಒಬ್ಬರು ‘ಮಸುಕಾಗಿದೆ, ಕೈ ಅಲುಗಿದೆ, ಟ್ರೈಪಾಡ್ ತಗೊಳ್ಳಿ’ ಅಂದರು. ಬೇಜಾರಾಯಿತು. ಅದೇ ವಾರ ಗುಂಪಿನ ಹಿರಿಯರು, ನಿವೃತ್ತ ಮೇಷ್ಟ್ರು ಒಬ್ಬರು, ಟಿಟ್ಟಿಭದ ಫೋಟೋ ಹಾಕಿದಾಗ ನಾನು ‘ಬ್ಯಾಕ್‌ಗ್ರೌಂಡ್ ಸರಿಯಿಲ್ಲ ಸರ್’ ಅಂದುಬಿಟ್ಟೆ. ಆಮೇಲೆ ಅವರು ಫೋಟೋ ಹಾಕುವುದನ್ನೇ ನಿಲ್ಲಿಸಿದ್ದಾರೆ. ಹೇಳುವುದು ಹೇಗೆ, ಹೇಳಿಸಿಕೊಳ್ಳುವುದು ಹೇಗೆ? ಎರಡೂ ಫೋಟೋಗಳ ಒರಿಜಿನಲ್ ಕಳಿಸಿದ್ದೇನೆ, ಮೇಷ್ಟ್ರದ್ದನ್ನು ಅವರನ್ನು ಕೇಳಿಯೇ.

ಉತ್ತರ: ಎರಡೂ ಫೋಟೋ ದೊಡ್ಡ ಪರದೆಯಲ್ಲಿ ತೆರೆದು ನೋಡಿಯಾಯಿತು. ಮೊದಲು ನಿಮ್ಮ ಬೆಳ್ಳಕ್ಕಿಯ ವಿಚಾರ. ಮಸುಕಾಗಿದೆ ಅಂದವರು ಸುಳ್ಳು ಹೇಳಿಲ್ಲ, ಕಾರಣ ಮಾತ್ರ ತಪ್ಪು ಹೇಳಿದ್ದಾರೆ. ಅವರ ಮಾತು ಕೇಳಿ ಟ್ರೈಪಾಡ್ ಕೊಂಡಿದ್ದರೆ ದುಡ್ಡು ದಂಡವಾಗುತ್ತಿತ್ತು, ಮುಂದಿನ ಫೋಟೋನೂ ಹೀಗೇ ಬರುತ್ತಿತ್ತು. ಮೊಬೈಲ್ ಫೋಟೋದ ಮೇಲಿನ ಮುಕ್ಕಾಲು ಪಾಲು ಜಗಳ ಹುಟ್ಟುವುದೇ ಇಲ್ಲಿ: ಕಂಡದ್ದು ನಿಜ, ಅದಕ್ಕೆ ಕೊಟ್ಟ ಕಾರಣ ಊಹೆ.

ಮಸುಕಿನಲ್ಲಿ ಕನಿಷ್ಠ ಐದು ಬಗೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಪರಿಹಾರ ಮಾತ್ರ ಒಂದರದ್ದು ಇನ್ನೊಂದಕ್ಕೆ ಆಗದು. ಕೈ ಅಲುಗಿದ್ದರೆ ಚೌಕಟ್ಟಿನಲ್ಲಿರುವ ಎಲ್ಲವೂ, ಕದಲದ ಕಲ್ಲು ಕೂಡ, ಒಂದೇ ದಿಕ್ಕಿಗೆ ಸವರಿದಂತೆ ಕಾಣುತ್ತದೆ. ನೀರಿನ ಮೇಲಿನ ಮಿನುಗು ಚುಕ್ಕೆಯಾಗಿ ಇರದೆ ಸಣ್ಣ ಗೆರೆಯಾಗಿರುತ್ತದೆ. ಹಕ್ಕಿಯೇ ಅಲುಗಿದ್ದರೆ ಕಲ್ಲು ಶಾರ್ಪ್, ರೆಕ್ಕೆ ಅಥವಾ ಕೊಕ್ಕಿನ ತುದಿ ಮಾತ್ರ ಕಲಸಿರುತ್ತದೆ. ಫೋಕಸ್ ತಪ್ಪಿದ್ದರೆ ಹಕ್ಕಿ ಮೆತ್ತಗೆ, ಅದರ ಮುಂದಿನ ಅಥವಾ ಹಿಂದಿನ ಹುಲ್ಲು ಮಾತ್ರ ಕತ್ತರಿಸಿಟ್ಟ ಹಾಗೆ ಸ್ಪಷ್ಟ. ಲೆನ್ಸಿಗೆ ಬೆವರು, ಎಣ್ಣೆ ಮೆತ್ತಿದ್ದರೆ ಇಡೀ ಫೋಟೋ ಮೇಲೆ ತೆಳು ಮಂಜಿನ ಪರದೆ. ಸೂರ್ಯ ಅಥವಾ ದೀಪದಿಂದ ಓರೆಯಾಗಿ ಬೆಳಕಿನ ಪಟ್ಟೆಗಳು ಎದ್ದಿರುತ್ತವೆ. ವಾಕಿಂಗ್ ಹೋಗುವವರ ಜೇಬಿನ ಮೊಬೈಲಿಗೆ ಈ ಕಾಯಿಲೆ ಬಹಳ. ಧೂಳು ಊದಿ, ಒಗೆದ ಹತ್ತಿ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಐದನೆಯದು ಡಿಜಿಟಲ್ ಜೂಮ್. ನಿಮ್ಮ ಫೋಟೋದ ಕಾಯಿಲೆ ಅದೇ. ಬೆಳ್ಳಕ್ಕಿಯ ಪಕ್ಕದ ಜೊಂಡಿನ ಎಲೆಯಂಚು ನೋಡಿ, ಒಂದೇ ಗೆರೆ ಇದೆ, ಎರಡಾಗಿಲ್ಲ. ಕೊಕ್ಕಿನ ತುದಿಯೂ ಅಷ್ಟೇ. ಅಂದಮೇಲೆ ಕೈ ಅಲುಗಿಲ್ಲ, ಹಕ್ಕಿಯೂ ಅಲುಗಿಲ್ಲ. ಆದರೆ ಎದೆಯ ಮೇಲೆ ಗರಿಯ ಎಳೆ ಇರಬೇಕಾದ ಕಡೆ ಸುಣ್ಣ ಬಳಿದಂತಿದೆ, ಜೊಂಡಿನ ಹಸಿರು ಕುಂಚದಲ್ಲಿ ಎಳೆದಂತಿದೆ. ಫೋಟೋದ ಡೀಟೇಲ್ಸ್ ತೆರೆದರೆ 8x, ಅಂದರೆ ಎಂಟು ಪಟ್ಟು ಜೂಮ್ ಅಂತ ಬರುತ್ತದೆ. ದೂರದ್ದನ್ನು ಹತ್ತಿರ ತರುವ ಪ್ರತ್ಯೇಕ ಟೆಲಿ ಲೆನ್ಸ್ ನಿಮ್ಮ ಮೊಬೈಲಿಗೆ ಇಲ್ಲ. ಹಾಗಾಗಿ 8x ಅಂದರೆ 4000×3000 ಚಿತ್ರದ ನಡುವಿನಿಂದ ಬರೀ 500×375 ಪಿಕ್ಸೆಲ್‌ನ (ಚಿತ್ರ ಕಟ್ಟುವ ಚುಕ್ಕೆಗಳ) ತುಂಡು ಕತ್ತರಿಸಿಕೊಂಡು ಅದನ್ನೇ ಹಿಗ್ಗಿಸುವುದು. ಅಗಲ, ಎತ್ತರ ಎರಡೂ ಎಂಟನೇ ಒಂದಾದಾಗ ಉಳಿಯುವುದು 64ನೇ ಒಂದು ಭಾಗ. ನಿಮ್ಮ ಹಕ್ಕಿ ಆ ತುಂಡಿನ ಎತ್ತರದ ಮೂರನೇ ಒಂದು ಭಾಗವಷ್ಟೇ ಇದೆ, ಅಂದರೆ ಕೊಕ್ಕಿನಿಂದ ಕಾಲಿನವರೆಗೆ ಸುಮಾರು 125 ಪಿಕ್ಸೆಲ್. ಇಷ್ಟರಲ್ಲಿ ಗರಿಯ ವಿವರ ಇರುವುದಕ್ಕೆ ಜಾಗವೇ ಇಲ್ಲ. ಉಳಿದದ್ದು ಮೊಬೈಲಿನ ಸಾಫ್ಟ್‌ವೇರ್ ತುಂಬಿದ್ದು. ಟ್ರೈಪಾಡ್ ಬಂದು ಏನು ಮಾಡೀತು?

ಆ ಕಾಮೆಂಟ್ ಹೀಗಿದ್ದಿದ್ದರೆ ನಿಮಗೆ ಉಪಯೋಗಕ್ಕೆ ಬರುತ್ತಿತ್ತು: ‘ಮೇಡಂ, ಕೊಕ್ಕು, ಕಾಲು ನೀಟಾಗಿವೆ, ಗರಿ ಕಾಣ್ತಿಲ್ಲ. ಎಷ್ಟು ಜೂಮ್ ಮಾಡಿದ್ರಿ? 2xನಲ್ಲಿ ತೆಗೆದದ್ದು ಒಂದು ಇದ್ದರೆ ಹಾಕಿ, ಹೋಲಿಸಿ ನೋಡೋಣ.’ ಏನು ಕಂಡಿತು, ಎಲ್ಲಿ ಕಂಡಿತು, ನಾಳೆ ಅದೇ ಏರಿಯ ಮೇಲೆ ಅದೇ ಮೊಬೈಲ್ ಹಿಡಿದು ಏನು ಮಾಡಬಹುದು: ಈ ಮೂರೂ ಅದರಲ್ಲಿವೆ. ಮೂರನೆಯದು ಇಲ್ಲದ ಅಭಿಪ್ರಾಯ ಎಷ್ಟು ನಿಜವಿದ್ದರೂ ಕೇಳಿದವರ ಕೈಗೆ ಏನೂ ಸಿಗುವುದಿಲ್ಲ. ‘ಇದಕ್ಕೆಲ್ಲ ಡಿಎಸ್ಎಲ್ಆರ್ ಬೇಕ್ರಿ’ ಅನ್ನುವುದು ಇದರ ಅತಿ ಕೆಟ್ಟ ಮಾದರಿ. ಅವರಲ್ಲಿ ಇರುವುದು ಮೊಬೈಲ್, ಕೇಳಿದ್ದೂ ಮೊಬೈಲಿನ ಬಗ್ಗೆ.

ಹಾಗಾದರೆ ನಾಳೆ ಏನು ಮಾಡಬಹುದು? 48 ಅಥವಾ 50 ಮೆಗಾಪಿಕ್ಸೆಲ್ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಮೊಬೈಲಿನಲ್ಲಿ 2x ಸಾಮಾನ್ಯವಾಗಿ ಸೆನ್ಸರಿನ ನಡುಭಾಗವನ್ನು ಹಾಗೇ ಬಳಸುತ್ತದೆ, ನಷ್ಟ ಕಡಿಮೆ. ಅಲ್ಲಿಗೇ ನಿಲ್ಲಿಸಿ. ಹಕ್ಕಿ ಚಿಕ್ಕದಾಗಿಯೇ ಇರಲಿ; ಜೊಂಡು, ನೀರಿನಲ್ಲಿ ಬಿದ್ದ ನೆರಳು, ಬೆಳಗಿನ ಬಣ್ಣ ಸುತ್ತ ಬರಲಿ. ಮೊಬೈಲಿಗೆ ಒಗ್ಗುವುದು ಹಕ್ಕಿ ಇರುವ ಕೆರೆಯ ಫೋಟೋ, ಹಕ್ಕಿಯ ಕಣ್ಣಿನ ಫೋಟೋ ಅಲ್ಲ.

ಗುಂಪಿನಲ್ಲಿ ಯಾರೂ ಹೇಳದ ಇನ್ನೊಂದು ತೊಂದರೆ ಇದೇ ಫೋಟೋದಲ್ಲಿದೆ. ಎದೆಯ ಬಿಳಿ ಅಲ್ಲಲ್ಲಿ ಬರ್ನ್ ಆಗಿದೆ, ಅಂದರೆ ವಿವರವೇ ಇಲ್ಲದ ಬರೀ ಬಿಳಿ ಉಳಿದಿದೆ. ಬೆಳಗಿನ 6:40ಕ್ಕೆ ನೀರು ಇನ್ನೂ ಕಪ್ಪು, ಹಕ್ಕಿ ಮಾತ್ರ ಬಿಳಿ. ಮೊಬೈಲು ಇಡೀ ದೃಶ್ಯದ ಸರಾಸರಿ ನೋಡಿ ‘ಕತ್ತಲೆ ಜಾಸ್ತಿ ಇದೆ’ ಅಂದುಕೊಂಡು ಬೆಳಕು ಏರಿಸುತ್ತದೆ. ಆ ಭರದಲ್ಲಿ ಬಿಳಿ ಸುಟ್ಟುಹೋಗುತ್ತದೆ. ಪೂರ್ತಿ ಸುಟ್ಟ ಬಿಳಿಯನ್ನು ಆಮೇಲೆ ಎಡಿಟಿಂಗಿನಲ್ಲಿ ತಗ್ಗಿಸಿದರೆ ಬೂದು ಬರುತ್ತದೆ, ಗರಿ ಬರುವುದಿಲ್ಲ. ತೆಗೆಯುವಾಗಲೇ ಹಕ್ಕಿಯ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ; ಬಹಳಷ್ಟು ಮೊಬೈಲುಗಳಲ್ಲಿ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆಳೆಯಿರಿ. ಅಂಕಿ ತೋರಿಸುವ ಮೊಬೈಲಾದರೆ -0.7ರಿಂದ -1ರವರೆಗೆ ಸಾಕು. ಬೆಳಗಿನ ಆಕಾಶದ ಎದುರು ಕೂತ ನೀರುಕಾಗೆಗೆ ಇದು ತಿರುವುಮುರುವು. ಅಲ್ಲಿ ಮೇಲಕ್ಕೆಳೆಯಬೇಕು, ಇಲ್ಲವಾದರೆ ಆಕಾರ ಮಾತ್ರ ಕಪ್ಪಾಗಿ ಬರಲೆಂದು ಹಾಗೇ ಬಿಡಬೇಕು.

ವಾಟ್ಸಾಪ್ ಬಗ್ಗೆಯೂ ಒಂದು ಮಾತು, ಯಾಕೆಂದರೆ ಗುಂಪಿನವರು ನೋಡಿದ್ದು ನೀವು ತೆಗೆದ ಫೋಟೋವನ್ನೇ ಅಲ್ಲ. 3–4 ಎಂಬಿಯ ಫೋಟೋವನ್ನು ಸುಮ್ಮನೆ ಹಾಕಿದರೆ ಅದು ಕೆಲವು ನೂರು ಕೆಬಿಗೆ ಕುಗ್ಗಿ ತಲುಪುತ್ತದೆ. ಹುಲ್ಲು, ಗರಿ, ನೀರಿನ ಅಲೆಯಂಥ ಸಣ್ಣ ವಿವರಗಳೇ ಮೊದಲು ಹೋಗುವುದು. ಅಂಥದ್ದನ್ನು ನೋಡಿ ‘ಶಾರ್ಪ್ ಇಲ್ಲ’ ಅಂದರೆ ಅದು ವಾಟ್ಸಾಪಿಗೆ ಹೇಳಿದ ಮಾತು. ಅಭಿಪ್ರಾಯ ಕೇಳುವಾಗ ಎಚ್‌ಡಿ ಗುರುತು ಒತ್ತಿ ಕಳಿಸಿ, ಇನ್ನೂ ಒಳ್ಳೆಯದು ಅಂದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಡಾಕ್ಯುಮೆಂಟಿನಲ್ಲಿ ಫೋಟೋ ಹೇಗಿದೆಯೋ ಹಾಗೇ ಹೋಗುತ್ತದೆ, ಜೂಮ್, ಶಟರ್ ವೇಗ, ಹೊತ್ತು ಎಲ್ಲ ಸೇರಿ. ಲೊಕೇಶನ್ ಕೂಡ ಹೋಗುತ್ತದೆ, ಅದೇ ಅಪಾಯ. ಆ ವಿಚಾರ ಮೇಷ್ಟ್ರ ಫೋಟೋಗೆ ಸೇರಿದ್ದು.

ಟಿಟ್ಟಿಭದ ಫೋಟೋ. ನೀವು ‘ಬ್ಯಾಕ್‌ಗ್ರೌಂಡ್ ಸರಿಯಿಲ್ಲ’ ಅಂದಿದ್ದೀರಿ. ಸರಿಯಿಲ್ಲ, ನಿಜ. ಹಕ್ಕಿಯ ತಲೆಯಿಂದಲೇ ಮೊಳೆತ ಹಾಗೆ ಹಿಂದೆ ಒಂದು ದೀಪದ ಕಂಬ ನಿಂತಿದೆ. ಆದರೆ ನೀವು ಕಂಬ ಅನ್ನಲಿಲ್ಲ, ಬ್ಯಾಕ್‌ಗ್ರೌಂಡ್ ಅಂದಿರಿ. ಓದಿದವರಿಗೆ ಅದು ‘ಫೋಟೋನೇ ಸರಿಯಿಲ್ಲ’ ಅಂತ ಕೇಳಿಸುತ್ತದೆ, ಅದರಲ್ಲೂ 17 ಜನರ ಎದುರಿಗೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರಿಗೆ ಸರಿಯಿಲ್ಲ ಅನ್ನುವ ಪದ ಎಷ್ಟು ಭಾರ ಅಂತ ಬೇರೆ ಹೇಳಬೇಕಿಲ್ಲ.

ಕಂಬ ಅಂದಿದ್ದರೆ ಪರಿಹಾರ ಅದರ ಬೆನ್ನಿಗೇ ಬರುತ್ತಿತ್ತು. ದೊಡ್ಡ ಕ್ಯಾಮೆರಾದಲ್ಲಿ ಹಿನ್ನೆಲೆಯನ್ನು ಲೆನ್ಸಿನಿಂದ ಕರಗಿಸಬಹುದು. ಮೊಬೈಲಿನ ಸೆನ್ಸರ್ ಉಗುರಿನಷ್ಟು. ಆರು ಮೀಟರ್ ದೂರದ ಹಕ್ಕಿಗೆ ಫೋಕಸ್ ಮಾಡಿದರೆ ಹಿಂದಿನದೆಲ್ಲ ಬಹುಪಾಲು ಸ್ಪಷ್ಟವಾಗಿಯೇ ಬರುತ್ತದೆ. ಹಿನ್ನೆಲೆಯನ್ನು ತಾನೇ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಹಾಕಿದರೆ ಕೊಕ್ಕು, ಕಾಲು, ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಂಥ ತೆಳುವಾದದ್ದನ್ನು ಅದು ಹಿನ್ನೆಲೆ ಅಂದುಕೊಂಡು ತಿಂದುಹಾಕುತ್ತದೆ. ಉಳಿಯುವ ಉಪಾಯ ಒಂದೇ, ನಮ್ಮ ಕಾಲು. ಹಕ್ಕಿ ಆರು ಮೀಟರ್, ಕಂಬ ನಲವತ್ತು ಮೀಟರ್ ದೂರದಲ್ಲಿದ್ದರೆ, ಎರಡು ಹೆಜ್ಜೆ ಅಂದರೆ ಸುಮಾರು 1.2 ಮೀಟರ್ ಎಡಕ್ಕೆ ಸರಿದಾಗ ಕಂಬ ಹಕ್ಕಿಯಿಂದ ಎಡಕ್ಕೆ ಹೆಚ್ಚುಕಡಿಮೆ 10 ಡಿಗ್ರಿ ಜರುಗುತ್ತದೆ. ಮೊಬೈಲ್ ಅಡ್ಡ ಹಿಡಿದಿದ್ದರೆ 1xನಲ್ಲಿ ಅದು ಚೌಕಟ್ಟಿನ ಅಗಲದ ಏಳನೇ ಒಂದರಷ್ಟು, 2xನಲ್ಲಿ ಕಾಲು ಭಾಗ. ತಲೆ ಖಾಲಿ ನೀರಿನ ಮೇಲೆ ಬಂದು ನಿಲ್ಲುತ್ತದೆ. ‘ಸರ್, ತಲೆಯ ಹಿಂದೆಯೇ ಕಂಬ ಬಂದಿದೆ ನೋಡ್ರಿ. ಎರಡು ಹೆಜ್ಜೆ ಎಡಕ್ಕೆ ಸರಿಯೋಕೆ ಅಲ್ಲಿ ಜಾಗ ಇತ್ತೇನ್ರಿ?’ ಕೊನೆಯ ಆ ಪ್ರಶ್ನೆ ಮರ್ಯಾದೆಗಾಗಿ ಸೇರಿಸಿದ್ದಲ್ಲ. ಎಡಕ್ಕೆ ಮುಳ್ಳುಬೇಲಿ ಇತ್ತೋ ಕೆಸರಿತ್ತೋ ಅವರಿಗಷ್ಟೇ ಗೊತ್ತು. ಕೇಳದೆ ಹೇಳಿದರೆ ನಿಮ್ಮ ಸಲಹೆಯೇ ತಪ್ಪಾಗಬಹುದು.

ಆದರೆ ಈ ಫೋಟೋದಲ್ಲಿ ಕಂಬಕ್ಕಿಂತ ದೊಡ್ಡ ವಿಷಯ ಒಂದಿದೆ, ಗುಂಪಿನಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಹಕ್ಕಿ ರೆಕ್ಕೆ ಅರೆಬಿಚ್ಚಿದೆ, ಕೊಕ್ಕು ತೆರೆದಿದೆ, ಮುಖ ನೇರ ಕ್ಯಾಮೆರಾ ಕಡೆಗಿದೆ, ಕೆಳಗೆ ಬರೀ ಹರಳುಕಲ್ಲಿನ ಬಯಲು. ಇದು ‘ಆಕ್ಷನ್ ಶಾಟ್’ ಅಲ್ಲ, ಗೂಡಿನ ಹತ್ತಿರ ಬಂದವರನ್ನು ಬೈಯುತ್ತಿರುವ ಹಕ್ಕಿ. ಟಿಟ್ಟಿಭ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬೇಸಿಗೆಯಿಂದ ಮಳೆಗಾಲದವರೆಗೆ ಬಯಲಲ್ಲೇ ಕಲ್ಲುಗಳ ನಡುವೆ, ಕಲ್ಲಿನ ಬಣ್ಣದ್ದೇ ಮೊಟ್ಟೆ ಇಡುತ್ತದೆ. ಬಿಸಿಲು ಏರಿದಾಗ ತಾಯಿ ತಂದೆ ಮೊಟ್ಟೆಯ ಮೇಲೆ ನೆರಳಾಗಿ ನಿಲ್ಲುತ್ತವೆ, ಹೊಟ್ಟೆಯ ಗರಿ ನೀರಲ್ಲಿ ತೋಯಿಸಿಕೊಂಡು ಬಂದು ತಂಪು ಮಾಡುತ್ತವೆ. ನಾವು ಅಲ್ಲಿ ಹತ್ತು ನಿಮಿಷ ನಿಂತರೆ ಆ ಹತ್ತು ನಿಮಿಷ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ. ಇದೆಲ್ಲಿ ಕೂಗುತ್ತಿದೆ ಅಂತ ಕಾಗೆಗೂ ಗೊತ್ತಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ.

ಮೇಷ್ಟ್ರಿಗೆ ಇದು ಗೊತ್ತಿರಲಾರದು, ಬೇಕೆಂದು ಮಾಡಿದ್ದೂ ಅಲ್ಲ. ಹಾಗಾಗಿ ಇದನ್ನು ಗುಂಪಿನಲ್ಲಿ ಹೇಳಬೇಡಿ. ಫೋನ್ ಮಾಡಿ, ಅದೂ ಇವತ್ತೇ. ಈ ಒಂದು ವಿಷಯದಲ್ಲಿ ಸುತ್ತುಬಳಸು ಬೇಡ: ‘ಸರ್, ಅಲ್ಲಿ ಮೊಟ್ಟೆ ಇದ್ದಂಗೈತಿ. ಆ ಜಾಗ ಯಾರಿಗೂ ಹೇಳೋದು ಬೇಡ, ನಾವೂ ಸ್ವಲ್ಪ ದೂರದಿಂದ ಹೋಗೋಣ.’ ಅವರು ನಿಮಗೆ ಕೊಟ್ಟ ಒರಿಜಿನಲ್‌ನಲ್ಲಿ ಲೊಕೇಶನ್ ಹಾಗೇ ಇದೆ. ನಕ್ಷೆಯಲ್ಲಿ ತೆರೆದರೆ ಗೂಡಿನ ಹತ್ತಿರಕ್ಕೇ ಕರೆದೊಯ್ಯುತ್ತದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿಡುವುದೇ ಸುಲಭ. ಐಫೋನ್ ಆದರೆ ಹಂಚುವಾಗ ಮೇಲ್ಗಡೆ ಕಾಣುವ ‘ಆಪ್ಷನ್ಸ್’ ಒಳಗೂ ತೆಗೆಯಬಹುದು. ಅಷ್ಟಾಗದಿದ್ದರೆ ಗೂಡು, ಮರಿ, ಅಪರೂಪದ ಪ್ರಾಣಿಯ ಫೋಟೋಗಳನ್ನು ಡಾಕ್ಯುಮೆಂಟ್ ಆಗಿ ಕಳಿಸಲೇಬೇಡಿ. ಜಗಳೂರು ಕಡೆಯ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಯಾರಿಗಾದರೂ ಅದೃಷ್ಟಕ್ಕೆ ಸಿಕ್ಕರೆ ಅದಕ್ಕೂ ಇದೇ ನಿಯಮ.

ಹೇಳುವ ಧಾಟಿಯ ಬಗ್ಗೆ ಎರಡು ಮಾತು. ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ ಅನ್ನುವ ಸೂತ್ರವೊಂದು ಎಲ್ಲ ಕಡೆ ಓಡಾಡುತ್ತದೆ. ನಮ್ಮ ಕಡೆ ಅದು ನಡೆಯುವುದಿಲ್ಲ. ‘ಚೆನ್ನಾಗಿದೆ, ಆದರೆ’ ಅಂದ ತಕ್ಷಣ ಕೇಳುವವರ ಕಿವಿ ಆದರೆಯ ಆಚೆಗೆ ನೆಟ್ಟಿರುತ್ತದೆ, ಹಿಂದಿನದು ಉಪಚಾರ ಅಂತ ಎಲ್ಲರಿಗೂ ಗೊತ್ತು. ಅದರ ಬದಲು ಚೆನ್ನಾಗಿ ಬಂದಿರುವುದನ್ನೂ ಕಾರಣ ಸಮೇತ ಹೇಳಿ: ‘ನೀವು ಕೂತು ತೆಗೆದಿದ್ದಕ್ಕೆ ಹಕ್ಕಿಯ ಹಿಂದೆ ನೆಲ ಹೋಗಿ ನೀರು ಬಂದಿದೆ’. ಇದು ಹೊಗಳಿಕೆಯೂ ಹೌದು, ನಾಳೆಯೂ ಕೂರಬೇಕು ಅನ್ನುವ ಸೂಚನೆಯೂ ಹೌದು. ಒಂದು ಫೋಟೋಗೆ ಒಂದೇ ತಿದ್ದುಪಡಿ ಸಾಕು. ಬರ್ನ್ ಆಗಿದೆ, ಓರೆಯಾಗಿದೆ, ಕಂಬ ಇದೆ, ಕಾಲು ಕಟ್ ಆಗಿದೆ ಅಂತ ನಾಲ್ಕು ಪಟ್ಟಿ ಮಾಡಿದರೆ ಮರುದಿನ ಮೊಬೈಲ್ ಜೇಬಿನಿಂದ ಹೊರಗೇ ಬರುವುದಿಲ್ಲ. ಇನ್ನು, ಬೇರೆಯವರ ಫೋಟೋವನ್ನು ಕೇಳದೆ ಎಡಿಟ್ ಮಾಡಿ ‘ಹೀಗಿರಬೇಕು’ ಅಂತ ವಾಪಸ್ ಹಾಕಬಾರದು. ತೋರಿಸಲೇಬೇಕಿದ್ದರೆ ಕೇಳಿ, ಸ್ಕ್ರೀನ್‌ಶಾಟಿನ ಮೇಲೆ ಬೆರಳಲ್ಲಿ ಒಂದು ಸುತ್ತು ಹಾಕಿ ಆ ಜಾಗ ತೋರಿಸಿ. ನೂರು ಪದ ಉಳಿಯುತ್ತವೆ.

ಬಣ್ಣದ ಬಗ್ಗೆ ಬಾಯಿ ಬಿಡುವ ಮುನ್ನ ಪ್ರಾಣಿಯ ಪರಿಚಯ ಇರಲಿ. ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆ ಕೂರುವ ಓತಿಕ್ಯಾತ ಸಂತಾನದ ಕಾಲದಲ್ಲಿ, ಗಂಡಾದರೆ, ಬೆನ್ನು ಕೆಂಪು ಕಿತ್ತಳೆ, ಪಕ್ಕೆ ಕಪ್ಪು ಮಾಡಿಕೊಂಡಿರುತ್ತದೆ. ಆ ಬಣ್ಣ ನೋಡುನೋಡುತ್ತಲೇ ಬದಲಾಗುವುದೂ ಉಂಟು. ಅದರ ಫೋಟೋಗೆ ‘ಸ್ಯಾಚುರೇಶನ್ ಜಾಸ್ತಿ ಮಾಡಿದ್ದೀರಿ’ ಅಂದರೆ ನಗೆಪಾಟಲು. ನಿಜವಾಗಿ ಬಣ್ಣ ಏರಿಸಿದ್ದಾರಾ ಅಂತ ತಿಳಿಯಬೇಕಾದರೆ ಪ್ರಾಣಿ, ಹೂವು ನೋಡಬೇಡಿ. ಬಂಡೆ, ಟಾರು ರಸ್ತೆ, ಒಣಗಿದ ಕೊಂಬೆ ನೋಡಿ. ಬೂದು ಇರಬೇಕಾದ ಬಂಡೆ ನೇರಳೆಗೋ ಹಳದಿಗೋ ತಿರುಗಿದ್ದರೆ, ಹುಲ್ಲೆಲ್ಲ ಒಂದೇ ಹಸಿರಾಗಿದ್ದರೆ ಎಡಿಟಿಂಗ್ ಅತಿಯಾಗಿದೆ. ಕೆಲವು ಮೊಬೈಲುಗಳು ಎಐ ಹೆಸರಿನಲ್ಲಿ ತಾವೇ ಹೀಗೆ ಮಾಡುತ್ತವೆ, ತೆಗೆದವರ ತಪ್ಪಿರುವುದಿಲ್ಲ. ಸೆಟ್ಟಿಂಗಿನಲ್ಲಿ ಸೀನ್ ಆಪ್ಟಿಮೈಸರ್ ಥರದ್ದು ಏನಾದರೂ ಇದ್ದರೆ ಆಫ್ ಮಾಡಿ ನೋಡಲು ಹೇಳಿ.

ಕೆಲವು ಅಭಿಪ್ರಾಯಗಳು ತಪ್ಪು ಸರಿಯ ಲೆಕ್ಕಕ್ಕೇ ಬರುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಯಿಂದ ಬೆಟ್ಟಸಾಲಿನ ಫೋಟೋ ತೆಗೆದರೆ ಗಾಳಿಯಂತ್ರಗಳು ಬರುತ್ತವೆ. ಒಬ್ಬರಿಗೆ ಅವು ಕಸ, ಇನ್ನೊಬ್ಬರಿಗೆ ಈಗಿನ ದುರ್ಗವೇ ಅದು. ‘ಎರೇಸರ್‌ನಲ್ಲಿ ತೆಗೆದುಬಿಡಿ’ ಅನ್ನುವ ಬದಲು ‘ಗಾಳಿಯಂತ್ರ ಬೇಕಂತಲೇ ಇಟ್ಟಿದ್ದೀರಾ?’ ಅಂತ ಕೇಳಿ. ಹೌದು ಅಂದರೆ ಮಾತು ಅಲ್ಲಿಂದ ಮುಂದೆ ಹೋಗುತ್ತದೆ: ಹಾಗಿದ್ದರೆ ಒಂದನ್ನು ದೊಡ್ಡದಾಗಿ ತರಬಹುದಿತ್ತಾ, ರೆಕ್ಕೆಗೆ ಬೆಳಕು ಬೀಳುವ ಹೊತ್ತು ಯಾವುದು? ಅಳಿಸಲೇಬೇಕು ಅನ್ನುವವರು ಅಳಿಸಲಿ, ಅಳಿಸಿದ್ದೇನೆ ಅಂತ ಜೊತೆಗೆ ಬರೆಯಲಿ.

ಇನ್ನು ಹೇಳಿಸಿಕೊಳ್ಳುವ ಪಾಲು. ‘ಹೇಗಿದೆ?’ ಅಂತ ಕೇಳಿದರೆ ‘ಸೂಪರ್’ ಬರುವುದೇ ನ್ಯಾಯ, ಪ್ರಶ್ನೆಗೆ ತಕ್ಕ ಉತ್ತರ. ‘ನೆರಳು ಪೂರ್ತಿ ಬರಲಿ ಅಂತ ಹಕ್ಕೀನ ಮೇಲ್ಗಡೆ ಇಟ್ಟೆ, ಆಕಾಶ ಕಡಿಮೆ ಆಯ್ತಾ?’ ಅಂತ ಕೇಳಿ, ಜನ ನೋಡಿ ಉತ್ತರಿಸುತ್ತಾರೆ. ಇಪ್ಪತ್ತು ಸುರಿಯಬೇಡಿ, ಎರಡು ಹಾಕಿ, ಯಾವುದು ಅಂತ ಕೇಳಿ. ಎಷ್ಟು ದೂರ, ಎಷ್ಟು ಜೂಮ್, ಎಷ್ಟು ಹೊತ್ತಿಗೆ ಅಂತ ಒಂದು ಸಾಲು ಸೇರಿಸಿ. ಉತ್ತರ ಬಂದಾಗ ‘ಅಲ್ಲಿ ಗಾಳಿ ಇತ್ತು, ಜನ ಬಂದರು’ ಅಂತ ತಕ್ಷಣ ಸಮಜಾಯಿಷಿಗೆ ಇಳಿಯಬೇಡಿ, ‘ಯಾವ ಭಾಗ?’ ಅಂತ ಒಂದೇ ಪ್ರಶ್ನೆ ಕೇಳಿ. ಆ ಭಾಗವನ್ನು ಒರಿಜಿನಲ್‌ನಲ್ಲಿ ಹಿಗ್ಗಿಸಿ ನೋಡಿ. ಅಲ್ಲಿ ಅದು ಕಂಡರೆ ಸರಿ, ಕಾಣದಿದ್ದರೆ ವಾಟ್ಸಾಪಿನ ಕೆಲಸವೋ ಅವರ ರುಚಿಯೋ ಇರಬೇಕು. ಇಬ್ಬರು ಬೇರೆ ಬೇರೆಯಾಗಿ ಒಂದೇ ಜಾಗ ತೋರಿಸಿದರೆ, ನಿಮಗೆ ಒಪ್ಪಿಗೆಯಾಗದಿದ್ದರೂ ಮರುದಿನ ಅವರು ಹೇಳಿದಂತೆ ಒಂದು, ನಿಮ್ಮಿಷ್ಟದಂತೆ ಒಂದು ತೆಗೆದು ಪಕ್ಕಪಕ್ಕ ಇಡಿ. ಬೇಜಾರು ಆಗೇ ಆಗುತ್ತದೆ, ಅದಕ್ಕೆ ಮದ್ದಿಲ್ಲ. ಅವತ್ತೇ ಉತ್ತರ ಕೊಡದಿದ್ದರೆ ಸಾಕು.

ಗುಂಪಿಗೆ ಒಂದು ಸಣ್ಣ ಕಟ್ಟಳೆ ಮಾಡಿಕೊಳ್ಳಿ: ಫೋಟೋ ಕೆಳಗೆ ‘ನೋಡಿ ಹೇಳಿ’ ಅಂತ ಬರೆದಿದ್ದರೆ ಮಾತ್ರ ತಿದ್ದುಪಡಿ, ಇಲ್ಲದಿದ್ದರೆ ಹೆಬ್ಬೆರಳೇ ಸರಿ. ಶುಭೋದಯದ ಸೂರ್ಯನಿಗೆ ಎಕ್ಸ್‌ಪೋಷರ್ ಪಾಠ ಯಾಕೆ?

ಮೇಷ್ಟ್ರಿಗೆ ಕ್ಷಮೆಯ ಸಂದೇಶ ಕಳಿಸಲು ಹೋಗಬೇಡಿ, ಮುಗಿದದ್ದು ಮತ್ತೆ ದೊಡ್ಡದಾಗುತ್ತದೆ. ಗೂಡಿನ ವಿಷಯಕ್ಕೆ ಫೋನ್ ಮಾಡಿದಾಗ ಕಂಬದ ಮಾತು ಎತ್ತಲೇಬೇಡಿ. ಮರುದಿನ ಏರಿಯ ಮೇಲೆ ಸಿಕ್ಕಾಗ ನಿಮ್ಮ ಬೆಳ್ಳಕ್ಕಿಯ 8x ಫೋಟೋ, ಅವತ್ತು ಬೆಳಿಗ್ಗೆ ಹೊಸದಾಗಿ ತೆಗೆದ 2x ಫೋಟೋ ಎರಡನ್ನೂ ಅವರ ಕೈಗೆ ಕೊಟ್ಟು, ‘ಸರ್, ಇವೆರಡರಲ್ಲಿ ನೀರಿನ ನೆರಳು ಯಾವುದರಲ್ಲಿ ಚೆನ್ನಾಗೈತಿ ನೋಡ್ರಿ’ ಅನ್ನಿ. ಕನ್ನಡಕ ಹಾಕಿಕೊಳ್ಳುವಷ್ಟು ಸಮಯ ಕೊಡಿ.